ಕ್ರೀಟ್ ದ್ವೀಪದಲ್ಲಿ ಅಷ್ಟೆತ್ತರದ ಬೆಟ್ಟಗಳಿವೆ, ನದಿಗಳೆಲ್ಲಿ?

ಸಾಗರದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಹೈಸ್ಕೂಲಿನಲ್ಲಿ ಭೂಗೋಳ, ಇತಿಹಾಸ ಪಾಠ ಮಾಡಿ ಈಗ ನಿವೃತ್ತನಾಗಿದ್ದೇನೆ. ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ಮೇ ತಿಂಗಳ ಕೊನೆಗೆ ನಾನು, ನನ್ನ ಮನೆಯವರು, ಅವಳು ಮೂವರೂ ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೋಗುವುದೆಂದು ಗೊತ್ತಾಗಿದೆ. ಅವಳು ಕಳಿಸುವ ಫೋಟೊಗಳಲ್ಲೆಲ್ಲ ನೀಲಿ ಸಮುದ್ರ, ಮರಳು, ಬಣ್ಣದ ಕೊಡೆ. ನನಗೆ ಅದಕ್ಕಿಂತ ಆ ನೆಲದ ವಿಚಾರ ತಿಳಿಯಬೇಕು.

ನಕ್ಷೆ ಹರಡಿಕೊಂಡು ಕೂತರೆ ಒಂದು ಸಂಗತಿ ಬಗೆಹರಿಯುತ್ತಿಲ್ಲ. ದ್ವೀಪದ ವಿಸ್ತೀರ್ಣ ಸುಮಾರು 8,300 ಚದರ ಕಿ.ಮೀ., ನಮ್ಮ ಶಿವಮೊಗ್ಗ ಜಿಲ್ಲೆಗಿಂತ ತುಸು ಕಡಿಮೆ. ಪೂರ್ವ ಪಶ್ಚಿಮವಾಗಿ 260 ಕಿ.ಮೀ. ಉದ್ದ. ಅಗಲ ಮಾತ್ರ ಹೆಚ್ಚೆಂದರೆ 60, ಪೂರ್ವದ ಇಯೆರಾಪೆತ್ರಾ ಹತ್ತಿರ 12 ಕಿ.ಮೀ.ಗೆ ಇಳಿದುಬಿಡುತ್ತದೆ. ಇಷ್ಟು ಸಣ್ಣ ಪಟ್ಟಿಯ ಮೇಲೆ 2,400 ಮೀಟರ್ ದಾಟಿದ ಬೆಟ್ಟಗಳು ನಿಂತಿವೆ, ಚಳಿಗಾಲದಲ್ಲಿ ಅವುಗಳ ಮೇಲೆ ಹಿಮ ಬೀಳುತ್ತದೆ. ಹಾಗಿದ್ದ ಮೇಲೆ ಎರಡೂ ಕಡೆಗೆ ನದಿಗಳು ಧುಮುಕಬೇಕಲ್ಲ? ನಕ್ಷೆಯಲ್ಲಿ ದೊಡ್ಡದು ಅನ್ನುವಂಥ ಒಂದು ನದಿಯೂ ಕಣ್ಣಿಗೆ ಬೀಳುತ್ತಿಲ್ಲ. ಬೇಸಿಗೆ ಒಣ, ಚಳಿಗಾಲದಲ್ಲಿ ಮಳೆ, ಇದು ಮೆಡಿಟರೇನಿಯನ್ ವಾಯುಗುಣ ಅಂತ ಮಕ್ಕಳಿಗೆ ವರ್ಷವರ್ಷವೂ ಬರೆಸಿದ್ದೇನೆ. ಇಲ್ಲಿ ಅದೊಂದೇ ಕಾರಣ ಸಾಲದು ಅನ್ನಿಸುತ್ತಿದೆ.

ಇನ್ನೊಂದು. ಊರುಗಳು, ಹೆದ್ದಾರಿ, ವಿಮಾನ ನಿಲ್ದಾಣ ಎಲ್ಲ ಉತ್ತರ ತೀರದಲ್ಲೇ ಸಾಲಾಗಿ ಇವೆ. ದಕ್ಷಿಣ ತೀರದ ಕೆಲವು ಹಳ್ಳಿಗಳಿಗೆ ರಸ್ತೆಯೇ ಇಲ್ಲವಂತೆ. ಇದಕ್ಕೆ ಭೂಮಿಯ ರಚನೆ ಕಾರಣವೋ, ಚರಿತ್ರೆಯೋ? ಅಲ್ಲಿ ಇದ್ದು ಬಂದವರು ಹೇಳಿದರೆ ಉಪಕಾರವಾಗುತ್ತದೆ. ಮಂಡಿ ನೋವಿದೆ, ದಿನಕ್ಕೆ ನಾಲ್ಕೈದು ಕಿ.ಮೀ. ನಡೆಯಬಲ್ಲೆ.

ದುರ್ಗದ ಅಂತರ್ಜಲ:

ಮೇಷ್ಟ್ರೇ, ನಮಸ್ಕಾರ. ಕ್ರೀಟ್‌ಗೆ ಹೊರಟವರು ಕಡಲತೀರ ಯಾವುದು ಚಂದ ಅಂತ ಕೇಳುತ್ತಾರೆ, ನದಿ ಎಲ್ಲಿ ಅಂತ ಕೇಳಿದವರು ನೀವೊಬ್ಬರೇ. ನಾನು ಚಿತ್ರದುರ್ಗದವಳು, ಅಂತರ್ಜಲ ನನ್ನ ಕಸುಬು. ಓದು, ಕೆಲಸ ಅಂತ ಆ ದ್ವೀಪದ ಹಾನ್ಯಾ ಪಟ್ಟಣದಲ್ಲಿ ಕೆಲವು ವರ್ಷ ಇದ್ದೆ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟು: ಕ್ರೀಟ್‌ನಲ್ಲಿ ನದಿಗಳಿವೆ, ಬೆಟ್ಟದ ಹೊಟ್ಟೆಯೊಳಗೆ ಹರಿಯುತ್ತವೆ.

ಇದಕ್ಕೆ ಮೂಲ ಕಲ್ಲು. ನಮ್ಮ ದುರ್ಗದ ಗಟ್ಟಿ ಬಂಡೆಯಲ್ಲಿ ನೀರಿಗೆ ಇರುವ ಜಾಗ ಬಿರುಕುಗಳು ಮಾತ್ರ. ಅದಕ್ಕೇ ಒಂದು ಬೋರ್‌ವೆಲ್‌ನಲ್ಲಿ ನೀರು, ಪಕ್ಕದ ಹೊಲದ್ದರಲ್ಲಿ ಬರೀ ದೂಳು. ಕ್ರೀಟ್‌ನ ಪಶ್ಚಿಮದ ಬಿಳಿ ಬೆಟ್ಟಗಳು, ಅಲ್ಲಿಯವರು ಲೆಫ್ಕಾ ಓರಿ ಅನ್ನುತ್ತಾರೆ, ಹೆಚ್ಚೂಕಡಿಮೆ ಪೂರ್ತಿ ಸುಣ್ಣಕಲ್ಲು. ಹಳೆಯ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಸೇರಿಸಿಕೊಂಡು ತುಸು ಆಮ್ಲವಾಗುತ್ತದೆ, ಆ ಆಮ್ಲಕ್ಕೆ ಸುಣ್ಣಕಲ್ಲು ಕರಗುತ್ತದೆ. ಮೊದಲು ಕೂದಲೆಳೆಯಷ್ಟಿದ್ದ ಸೀಳು ಕಾಲಾಂತರದಲ್ಲಿ ಕೊಳವೆಯಾಗುತ್ತದೆ, ಸುರಂಗವಾಗುತ್ತದೆ. ಈ ಬೆಟ್ಟಗಳಲ್ಲಿರುವ ಗುರ್ಗುಥಾಕಾಸ್ ಎಂಬ ಗವಿಗೆ ಇಳಿದವರು ಸುಮಾರು 1,200 ಮೀಟರ್ ಆಳದವರೆಗೂ ಹೋಗಿದ್ದಾರೆ. ಗ್ರೀಸ್‌ನ ಅತಿ ಆಳದ ಗವಿ ಅದೇ.

ಬೇಸಿಗೆಯಲ್ಲಿ 1,800 ಮೀಟರಿನ ಮೇಲಕ್ಕೆ ಹೋಗಿ ನಿಂತರೆ ಸುತ್ತ ಬೂದು ಬಣ್ಣದ ಶಂಕುಗಳಂಥ ಶಿಖರಗಳು, ನಡುವೆ ಬೋಗುಣಿ ಹಾಗೆ ತಗ್ಗುಗಳು. ಮರವಿಲ್ಲ, ತೊರೆಯಿಲ್ಲ, ನೀರಿನ ಸದ್ದೇ ಇಲ್ಲ. ಚಳಿಗಾಲದಲ್ಲಿ ಅಲ್ಲೇ ಆಳೆತ್ತರದ ಹಿಮ ಕೂತಿರುತ್ತದೆ. ಬೆಟ್ಟದ ಪಶ್ಚಿಮದ ಎತ್ತರಗಳಲ್ಲಿ ವರ್ಷಕ್ಕೆ ಸುಮಾರು 2,000 ಮಿ.ಮೀ. ತನಕ ಮಳೆ, ಹಿಮ ಬೀಳುತ್ತದೆ. ದ್ವೀಪದ ಆಗ್ನೇಯ ಮೂಲೆಗೆ 400 ಮಿ.ಮೀ. ಸಿಕ್ಕರೂ ದೊಡ್ಡದು. ಮೇ, ಜೂನ್‌ನಲ್ಲಿ ಹಿಮ ಕರಗುವಾಗ ನಿಂತು ನೋಡಿದರೆ ಅಂಚಿನಿಂದ ನೀರು ತೊಟ್ಟಿಕ್ಕುತ್ತದೆ, ಎರಡು ಮಾರು ಹರಿಯುವುದರೊಳಗೆ ಕಲ್ಲುಸಂದಿಗೆ ಇಳಿದು ಕಾಣೆಯಾಗುತ್ತದೆ. ಹೀಗೆ ಇಡೀ ಬೆಟ್ಟ ನೀರು ಕುಡಿಯುತ್ತದೆ.

ನಿಮ್ಮ ಮಂಡಿಗೆ ತೊಂದರೆ ಕೊಡದೆ ಇದನ್ನು ನೋಡಬಹುದಾದ ಜಾಗ ಓಮಲೋಸ್. ಹಾನ್ಯಾದಿಂದ ರಸ್ತೆ ಸೀದಾ ಅಲ್ಲಿಗೇ ಹೋಗುತ್ತದೆ. ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಸ್ವಲ್ಪ ಮೇಲೆ, ಸುತ್ತ ಬೆಟ್ಟ, ನಡುವೆ ಹಲಗೆ ಹಾಸಿದ ಹಾಗೆ ಸಮತಟ್ಟಾದ ಬಯಲು. ಸುಣ್ಣಕಲ್ಲು ಕರಗಿಹೋದ ಮೇಲೆ ಉಳಿದ ಕೆಂಪು ಜೇಡಿ ತಳದಲ್ಲಿ ತುಂಬಿಕೊಂಡು ಆದ ನೆಲ ಅದು. ಆ ಬಯಲಿಗೆ ಹೊರಗೆ ಹರಿಯುವ ದಾರಿಯೇ ಇಲ್ಲ. ಬಿದ್ದ ನೀರೆಲ್ಲ ಒಂದು ಅಂಚಿನಲ್ಲಿರುವ ತ್ಸಾನಿ ಗವಿಯ ಬಾಯಿಗೆ ಸೇರುತ್ತದೆ. ಕಾರಿನಿಂದಿಳಿದು ಆ ಗವಿಯ ಮುಂದೆ ನಿಂತುಕೊಳ್ಳಿ, ನೀವು ಹುಡುಕುತ್ತಿರುವ ನದಿ ಒಳಗೆ ಹೋಗುವ ಬಾಗಿಲು ಅದು.

ಇನ್ನು ಹೊರಗೆ ಬರುವ ಬಾಗಿಲುಗಳು. ಬೆಟ್ಟದ ಬುಡದಲ್ಲಿ, ನೀರು ಇಳಿಯದ ಕಲ್ಲು ಅಡ್ಡ ಬಂದ ಕಡೆ, ಬುಗ್ಗೆಗಳು ಏಳುತ್ತವೆ. ಹಾನ್ಯಾ ಊರಿನ ಕುಡಿಯುವ ನೀರು, ಅದರ ಸುತ್ತಲಿನ ಕಿತ್ತಳೆ ತೋಟಗಳ ನೀರು ಬಹುಪಾಲು ಅಯಾ, ಮೆಸ್ಕ್ಲಾ ಕಡೆಯ ಬುಗ್ಗೆಗಳದ್ದು. ಮಳೆ ಬಿದ್ದು ತಿಂಗಳುಗಳಾದ ಆಗಸ್ಟ್‌ನಲ್ಲೂ ಅಲ್ಲಿ ಕೈ ಮರಗಟ್ಟುವಷ್ಟು ತಣ್ಣನೆಯ ನೀರು ಉಕ್ಕುತ್ತಿರುತ್ತದೆ. ದ್ವೀಪದ ಸಹಜವಾದ ಸಿಹಿನೀರಿನ ಸರೋವರ ಕುರ್ನಾಸ್ ಕೂಡ ಇದೇ ಬೆಟ್ಟಗಳ ತಪ್ಪಲಿನಲ್ಲಿ, ಬುಗ್ಗೆಗಳಿಂದಲೇ ತುಂಬುತ್ತದೆ. ಮನೆಯವರನ್ನು ಅಲ್ಲಿಗೆ ಖಂಡಿತ ಕರೆದುಕೊಂಡು ಹೋಗಿ. ದಡದಲ್ಲೇ ಊಟದ ಮನೆಗಳಿವೆ, ನೀರು ಒಂದೊಂದು ಹೊತ್ತಿಗೆ ಒಂದೊಂದು ಬಣ್ಣ.

ನನಗೆ ಎಲ್ಲಕ್ಕಿಂತ ಪ್ರೀತಿಯ ಜಾಗ ದಕ್ಷಿಣ ತೀರದ ಗ್ಲಿಕಾ ನೆರಾ. ಹೋರಾ ಸ್ಫಾಕಿಯೊನ್ ಮತ್ತು ಲುತ್ರೊ ಎಂಬ ಹಳ್ಳಿಗಳ ನಡುವೆ, ಕಡಿದಾದ ಬಂಡೆಯ ಕೆಳಗೆ ಇರುವ ನುರುಜುಗಲ್ಲಿನ ದಂಡೆ. ರಸ್ತೆಯಿಲ್ಲ, ದೋಣಿಯಲ್ಲಿ ಇಲ್ಲವೇ ಕಾಲ್ನಡಿಗೆಯಲ್ಲಿ ಹೋಗಬೇಕು, ನಿಮಗೆ ದೋಣಿಯೇ ಸರಿ. ಸಮುದ್ರದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕಲ್ಲು ಸರಿಸಿ ಕೈಯಿಂದ ತೋಡಿದರೆ ಸಿಹಿನೀರು ಬರುತ್ತದೆ. ನಮ್ಮ ಕಡೆ ವೇದಾವತಿಯ ಒಣಗಿದ ಮರಳಿನಲ್ಲಿ ಒರತೆ ತೋಡುವ ಹಾಗೆಯೇ. ಹಿಂದೆ ಉಪ್ಪುನೀರಿನ ಅಲೆ, ಮುಂದೆ ಕೈಬೊಗಸೆಯಲ್ಲಿ ಬಿಳಿ ಬೆಟ್ಟದ ಹಿಮ. ಅಲ್ಲಿ ನಾನು ನೀರು ಕುಡಿದಾಗ, ಇಷ್ಟು ವರ್ಷ ಪುಸ್ತಕದಲ್ಲಿ ಓದಿದ್ದೆಲ್ಲ ಗಂಟಲಲ್ಲಿ ಇಳಿದಂತಾಯಿತು.

ಒಂದು ಕಳವಳದ ಮಾತೂ ಹೇಳಬೇಕು. ಹೀಗೆ ಕೊಳವೆಗಳಲ್ಲಿ ಓಡುವ ನೀರು ಮಣ್ಣಿನಲ್ಲಿ ಸೋಸಿಕೊಂಡು ಬರುವುದಿಲ್ಲ, ಮೇಲೆ ಏನು ಬಿದ್ದರೂ ಬೇಗ ಕೆಳಗೆ ತಲುಪುತ್ತದೆ. ಸಮುದ್ರದ ಪಕ್ಕದಲ್ಲಿ ಹೆಚ್ಚು ನೀರು ಎತ್ತಿದರೆ ಆ ಕೊಳವೆಗಳಲ್ಲೇ ಉಪ್ಪುನೀರು ಒಳನುಗ್ಗುತ್ತದೆ. ಇರಾಕ್ಲಿಯೊ ನಗರದ ಹತ್ತಿರ ಅಲ್ಮಿರೋಸ್ ಎಂಬ ಭಾರೀ ಬುಗ್ಗೆಯಿದೆ. ನದಿಯಷ್ಟು ನೀರು, ಆದರೆ ಸಮುದ್ರ ಬೆರೆತು ವರ್ಷದ ಬಹುಪಾಲು ಉಪ್ಪುಪ್ಪು. ಚಳಿಗಾಲದ ಮಳೆ ಜೋರಾಗಿ ಒಳಗಿನ ಒತ್ತಡ ಏರಿದಾಗಷ್ಟೇ ಕೆಲವು ದಿನ ಸಿಹಿಯಾಗುತ್ತದೆ. ಬೇಸಿಗೆಯಲ್ಲಿ ಪ್ರವಾಸಿಗಳು ತುಂಬಿದ ಹೋಟೆಲು, ಆಲಿವ್ ತೋಟ ಎರಡಕ್ಕೂ ನೀರು ಬೇಕಾಗುವುದು ಮಳೆ ಒಂದು ಹನಿಯೂ ಇಲ್ಲದ ತಿಂಗಳುಗಳಲ್ಲಿ. ಪೂರ್ವದಲ್ಲಿ ಅಪೊಸೆಲೆಮಿಸ್ ಎಂಬ ಅಣೆಕಟ್ಟು ಕಟ್ಟಿ ಇರಾಕ್ಲಿಯೊ ಕಡೆಗೆ ನೀರು ಕೊಡುತ್ತಿದ್ದಾರೆ. ಸ್ಫೆಂಡಿಲಿ ಅನ್ನುವ ಹಳ್ಳಿಯ ಮನೆಗಳು ಅದರ ಹಿನ್ನೀರಿಗೆ ಹೋದವು.

ದಕ್ಷಿಣ ತೀರದ ವಿಷಯ ದೊಡ್ಡದು, ರಾತ್ರಿ ಬರೆಯುತ್ತೇನೆ.

ಸಾಗರದ ಮೇಷ್ಟ್ರು:

ತಾಯಿ, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಎರಡು ಸಲ ಓದಿದೆ, ಮನೆಯವರಿಗೂ ಓದಿ ಹೇಳಿದೆ. ಸ್ಫೆಂಡಿಲಿಯ ಮಾತು ಬಂದಾಗ ಅವರು ಸುಮ್ಮನಾದರು. ಅವರ ತವರು ಶರಾವತಿಯ ಮುಳುಗಡೆ ಸೀಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅವರ ಅಜ್ಜನ ಮನೆ, ಗದ್ದೆ ಎಲ್ಲ ಹೋಯಿತು. ನೀರು ಇಳಿದ ಬೇಸಿಗೆಯಲ್ಲಿ ಹಳೆಯ ಮಡೆನೂರು ಅಣೆಕಟ್ಟೆಯೇ ಹಿನ್ನೀರಿನಿಂದ ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಸ್ಫೆಂಡಿಲಿ ದಾರಿಯಲ್ಲಿ ಸಿಗುವುದಾದರೆ ಅಲ್ಲಿ ಐದು ನಿಮಿಷ ನಿಲ್ಲಬೇಕು ಅಂದರು.

ಸಮರಿಯಾ ಕಮರಿಯ ಹೆಸರು ಎಲ್ಲ ಕಡೆ ಕಾಣುತ್ತಿದೆ. ಮಗಳಿಗೆ ಆಸೆ. ನನ್ನಿಂದ ಆದೀತೇ? ದಕ್ಷಿಣದ ವಿಚಾರವನ್ನೂ ಕಾಯುತ್ತಿದ್ದೇನೆ.

ಹದ್ದಿನಕಲ್ಲು:

ಮೇಷ್ಟ್ರೇ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ರಾಮನಗರದವನು, ರಣಹದ್ದು ನೋಡುವ ಹುಚ್ಚಿನಿಂದ ಕ್ರೀಟ್‌ಗೆ ಹೋಗಿದ್ದೆ. ಕತ್ತೆತ್ತಿ ಆಕಾಶ ನೋಡುವುದನ್ನು ಮರೆಯಬೇಡಿ ಅನ್ನುವುದಕ್ಕೇ ಬರೆಯುತ್ತಿದ್ದೇನೆ. ಗ್ರೀಸ್‌ನ ಗ್ರಿಫನ್ ರಣಹದ್ದುಗಳಲ್ಲಿ ಬಹುಪಾಲು ಈ ಒಂದು ದ್ವೀಪದಲ್ಲೇ ಇವೆ. ಕಮರಿಗಳ ಗೋಡೆಯಲ್ಲಿ ಗೂಡು, ಬಿಸಿಗಾಳಿ ಏರುವ ಹೊತ್ತಿಗೆ ಸಾಲಾಗಿ ಮೇಲೆದ್ದು ಸುತ್ತುತ್ತವೆ. ಬೆಟ್ಟದ ತುಂಬ ಮೇಯುವ ಕುರಿ, ಮೇಕೆಗಳಲ್ಲಿ ಸತ್ತವೇ ಅವುಗಳ ಅನ್ನ. ನಮ್ಮಲ್ಲಿ ದನಗಳಿಗೆ ಕೊಟ್ಟ ಡಿಕ್ಲೊಫೆನಾಕ್ ಔಷಧಿಯಿಂದ ರಣಹದ್ದುಗಳು ಅಳಿದ ಕತೆ ಗೊತ್ತಿರುವವರಿಗೆ ಅಲ್ಲಿ ಒಂದೇ ನೋಟಕ್ಕೆ ಹತ್ತಾರು ಕಂಡಾಗ ಗಂಟಲು ಕಟ್ಟುತ್ತದೆ.

ಗಡ್ಡದ ರಣಹದ್ದೂ ಇದೆ, ಬಹಳ ಅಪರೂಪ. ಮೂಳೆಯನ್ನು ಎತ್ತರದಿಂದ ಬಂಡೆಯ ಮೇಲೆ ಬೀಳಿಸಿ ಒಡೆದು ತಿನ್ನುವ ಹಕ್ಕಿ. ಇನ್ನು ಕ್ರಿ-ಕ್ರಿ ಎಂಬ ಕಾಡುಮೇಕೆ. ಮನುಷ್ಯರು ಸಾವಿರಾರು ವರ್ಷಗಳ ಹಿಂದೆ ತಂದ ಮೇಕೆಗಳು ಕಾಡು ಸೇರಿ ಆದ ತಳಿ ಅದು, ಈಗ ಮುಖ್ಯವಾಗಿ ಬಿಳಿ ಬೆಟ್ಟಗಳಲ್ಲಿ, ಸಮರಿಯಾದಲ್ಲಿ ಉಳಿದಿದೆ. ಮನುಷ್ಯರಿಗೂ ಮುಂಚೆ ಇದ್ದ ಪ್ರಾಣಿಗಳೇ ಬೇರೆ. ಪೂರ್ವದ ಕಥಾರೊ ಬಯಲಿನಲ್ಲಿ ಕುಳ್ಳ ನೀರುಕುದುರೆಯ ಮೂಳೆಗಳು ಸಿಕ್ಕಿವೆ! ದ್ವೀಪದಲ್ಲಿ ಸಿಕ್ಕಿಕೊಂಡ ದೊಡ್ಡ ಪ್ರಾಣಿಗಳು ಪೀಳಿಗೆಯಿಂದ ಪೀಳಿಗೆಗೆ ಗಾತ್ರದಲ್ಲಿ ಕುಗ್ಗಿದ್ದವು. ನೀರಿನ ಅಕ್ಕ, ಆ ಬೆಟ್ಟದ ಮೇಲೆ ನೀರುಕುದುರೆಗೆ ಬೇಕಾದಷ್ಟು ನೀರು ಎಲ್ಲಿತ್ತು?

ದುರ್ಗದ ಅಂತರ್ಜಲ:

ಹದ್ದಿನಕಲ್ಲು ಅವರೇ, ಕಥಾರೊ ಕೂಡ ಓಮಲೋಸ್ ಥರ ಬೆಟ್ಟಗಳ ನಡುವಿನ ಬಯಲು, ಆದರೆ ಅದರ ನೀರು ಈಗ ಒಂದು ಕಮರಿಯ ಮೂಲಕ ಪಕ್ಕದ ಲಸಿಥಿ ಬಯಲಿಗೆ ಇಳಿಯುತ್ತದೆ. ಇಂಥ ಬಯಲುಗಳ ತಳದಲ್ಲಿ ಜೇಡಿ ಕೂತು ನೀರು ಹೊರಹೋಗುವ ದಾರಿ ಮುಚ್ಚಿದ ಕಾಲದಲ್ಲಿ ನೀರು ನಿಂತು ಜವುಗಾಗುತ್ತದೆ. ನೀರುಕುದುರೆಗೆ ಅಷ್ಟು ಸಾಕಾಗಿರಬೇಕು. ಲಸಿಥಿ ಮಾತ್ರ ಓಮಲೋಸ್ ಥರದ್ದೇ ಮುಚ್ಚಿದ ಬಯಲು, ಸುಮಾರು 840 ಮೀಟರ್ ಎತ್ತರದಲ್ಲಿದೆ, ನೀರು ಪಶ್ಚಿಮದ ತುದಿಯ ಒಂದು ಬಾಯಿಯಲ್ಲಿ ಇಳಿಯುತ್ತದೆ. ಹಿಂದೆ ಸಾವಿರಾರು ಬಟ್ಟೆಯ ಹಾಯಿಯ ಗಾಳಿಗಿರಣಿಗಳು ಬಾವಿಯಿಂದ ನೀರೆತ್ತಿ ಆಲೂಗಡ್ಡೆ ಹೊಲಗಳಿಗೆ ಹಾಯಿಸುತ್ತಿದ್ದವು, ಈಗ ಹೆಚ್ಚಿನವು ಬರೀ ಕಬ್ಬಿಣದ ಕಂಬಗಳು.

ಮೇಷ್ಟ್ರೇ, ಈಗ ದಕ್ಷಿಣ. ನಿಮ್ಮ ಎರಡು ಊಹೆಗಳಲ್ಲಿ ಮೊದಲನೆಯದಕ್ಕೇ ನನ್ನ ಮತ. ದ್ವೀಪದ ದಕ್ಷಿಣಕ್ಕೆ, ಲಿಬಿಯಾ ಸಮುದ್ರದ ಅಡಿಯಲ್ಲಿ, ಆಫ್ರಿಕಾದ ಭೂಫಲಕ ಏಜಿಯನ್ ಫಲಕದ ಕೆಳಗೆ ನುಗ್ಗುತ್ತಿದೆ. ಆ ನುಗ್ಗಾಟದಲ್ಲಿ ಮೇಲೆದ್ದು ನಿಂತ ಅಂಚು ಕ್ರೀಟ್. ಅದಕ್ಕೇ ಬೆಟ್ಟ ದಕ್ಷಿಣಕ್ಕೆ ಗೋಡೆಯ ಹಾಗೆ ಸಮುದ್ರಕ್ಕೆ ಬೀಳುತ್ತದೆ, ಉತ್ತರಕ್ಕೆ ಮೆಲ್ಲಗೆ ಇಳಿಯುತ್ತದೆ. ಸ್ಫಾಕಿಯಾ ಸೀಮೆಯಲ್ಲಿ 2,453 ಮೀಟರಿನ ಪಾಖ್ನೆಸ್ ಶಿಖರದಿಂದ ಸಮುದ್ರ ಹತ್ತು ಹನ್ನೆರಡು ಕಿ.ಮೀ. ಅಷ್ಟೇ. ಅಂಥ ಇಳಿಜಾರಿಗೆ ಅಡ್ಡಲಾಗಿ ರಸ್ತೆ ಕಡಿಯುವುದೆಂದರೆ ಕಮರಿಯ ಮೇಲೆ ಕಮರಿ ದಾಟಬೇಕು. ಲುತ್ರೊ, ಅಯಾ ರುಮೆಲಿ ಇವತ್ತಿಗೂ ದೋಣಿಯಲ್ಲಿ, ಇಲ್ಲ ಕಾಲ್ನಡಿಗೆಯಲ್ಲಿ ತಲುಪುವ ಹಳ್ಳಿಗಳು. ಹಾಗೇ ಇರಲಿ ಅನ್ನುವುದು ನನ್ನ ಆಸೆ ಕೂಡ. (ಮಧ್ಯದ ಪ್ಸಿಲೊರೀಟಿಸ್ 2,456 ಮೀಟರ್, ಮೂರು ಮೀಟರ್ ಹೆಚ್ಚು. ಹಾನ್ಯಾದವರಿಗೆ ಆ ಮೂರು ಮೀಟರ್ ಇನ್ನೂ ಒಪ್ಪಿಗೆಯಿಲ್ಲ, ಪಾಖ್ನೆಸ್ ಮೇಲೆ ಕಲ್ಲು ಒಟ್ಟುತ್ತಾರೆ ಅನ್ನುವ ಮಾತಿದೆ.)

ನೀವು ಇತಿಹಾಸದ ಮೇಷ್ಟ್ರೂ ಹೌದಲ್ಲ, ಇದನ್ನು ತಪ್ಪದೆ ನೋಡಿ. ಕ್ರಿ.ಶ. 365ರ ಜುಲೈ 21ರಂದು ಇಲ್ಲಿ ಮಹಾ ಭೂಕಂಪವಾಯಿತು. ಅದರ ಸುನಾಮಿ ಅಲೆಕ್ಸಾಂಡ್ರಿಯಾ ನಗರಕ್ಕೆ ನುಗ್ಗಿದ್ದನ್ನು ರೋಮನ್ ಇತಿಹಾಸಕಾರ ಅಮ್ಮಿಯಾನುಸ್ ಮಾರ್ಸೆಲಿನುಸ್ ಬರೆದಿದ್ದಾನೆ: ಸಮುದ್ರ ಮೊದಲು ಹಿಂದೆ ಸರಿಯಿತು, ತಳ ಕಂಡಿತು, ಆಮೇಲೆ ನೀರು ಮರಳಿ ಬಂದು ಹಡಗುಗಳನ್ನು ಮನೆಗಳ ಮಾಡಿನ ಮೇಲೆ ಎಸೆಯಿತು. ಆ ಹೊತ್ತಿನಲ್ಲಿ ಕ್ರೀಟ್‌ನ ಪಶ್ಚಿಮ ಭಾಗ ಇದ್ದಲ್ಲಿಂದ ಮೇಲೆದ್ದಿತು. ನೈರುತ್ಯ ಮೂಲೆಯಲ್ಲಿ ಸುಮಾರು ಒಂಬತ್ತು ಮೀಟರ್, ಪೂರ್ವಕ್ಕೆ ಬಂದಂತೆ ಕಡಿಮೆ. ಬಹುಪಾಲು ಭೂವಿಜ್ಞಾನಿಗಳು ಅದೊಂದೇ ಕಂಪನಕ್ಕೆ ಇದನ್ನು ಒಪ್ಪಿಸುತ್ತಾರೆ. ಪಾಲಿಯೋಖೋರಾ, ಸೂಯಾ ಕಡೆಯಿಂದ ದೋಣಿಯಲ್ಲಿ ಹೋಗುವಾಗ ದಡದ ಬಂಡೆಯನ್ನೇ ನೋಡುತ್ತಾ ಇರಿ. ನೀರಿಗಿಂತ ಎಷ್ಟೋ ಮೇಲೆ ಉದ್ದಕ್ಕೂ ಒಂದು ಗೀರು, ಅಲೆ ಕೊರೆದ ಕಚ್ಚು, ಕಡಲ ಚಿಪ್ಪುಜೀವಿಗಳು ಕಲ್ಲಲ್ಲಿ ಮಾಡಿದ ತೂತುಗಳು. ಅದು ಹಳೆಯ ಸಮುದ್ರ ಮಟ್ಟ. ವಾಯವ್ಯದ ಫಲಾಸರ್ನಾದಲ್ಲಿ ಪುರಾತನ ಬಂದರೇ ನೆಲದ ಮೇಲೆ ಒಣಗಿ ನಿಂತಿದೆ. ಅಗೆದು ತೆಗೆದ ಕಟ್ಟೆಗಳಿವೆ, ಹಡಗು ಬರಲು ನೀರಿಲ್ಲ. ಪೂರ್ವದ ಎಲೌಂಡಾ ಹತ್ತಿರ ಇದಕ್ಕೆ ತದ್ವಿರುದ್ಧ, ಓಲುಸ್ ಪಟ್ಟಣದ ಗೋಡೆಗಳು ನೀರಿನ ಅಡಿಯಲ್ಲಿ ಕಾಣುತ್ತವೆ.

ಸಮರಿಯಾ ವಿಷಯ. ಪೂರ್ತಿ ನಡಿಗೆ ನಿಮಗೆ ಬೇಡ. ಓಮಲೋಸ್ ಅಂಚಿನ ಕ್ಸಿಲೋಸ್ಕಾಲೊದಲ್ಲಿ, ಸುಮಾರು 1,230 ಮೀಟರಿನಲ್ಲಿ ಶುರುವಾಗಿ ಸಮುದ್ರಕ್ಕೆ 16 ಕಿ.ಮೀ. ಇಳಿತ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಶತ್ರು, ನಡುವೆ ವಾಹನ ಬರುವ ಹಾಗಿಲ್ಲ. ಮಗಳು ಮೇಲಿನಿಂದ ಇಳಿಯಲಿ. ನೀವಿಬ್ಬರೂ ಹೋರಾ ಸ್ಫಾಕಿಯೊನ್ ಅಥವಾ ಸೂಯಾದಿಂದ ದೋಣಿ ಹತ್ತಿ ಅಯಾ ರುಮೆಲಿಗೆ ಬನ್ನಿ. ಅಲ್ಲಿಂದ ಕಮರಿಯ ಬಾಯಿ ಹತ್ತಿರ, ನೆಲ ಹೆಚ್ಚು ಏರುವುದಿಲ್ಲ. ಸಾಧ್ಯವಾದಷ್ಟು ಒಳಗೆ ನಡೆದು ಅವಳನ್ನು ಎದುರುಗೊಳ್ಳಿ. ಗೋಡೆಗಳು ಸುಮಾರು 300 ಮೀಟರ್ ಎತ್ತರ ಎದ್ದು, ನಡುವೆ ಮೂರು ನಾಲ್ಕು ಮೀಟರ್ ಮಾತ್ರ ಉಳಿಯುವ ಇಕ್ಕಟ್ಟು ಅಲ್ಲಿಂದ ಒಂದು ಮೂರು ನಾಲ್ಕು ಕಿ.ಮೀ. ದೂರ. ಅಲ್ಲಿಯ ತನಕ ಹೋಗಿ ಬರುವುದು ನಿಮ್ಮ ಮಿತಿಗಿಂತ ಜಾಸ್ತಿಯಾಗುತ್ತದೆ, ಮಂಡಿ ಒಪ್ಪಿದಷ್ಟೇ ಹೋಗಿ. ದಾರಿಯಲ್ಲಿ ಸುಣ್ಣಕಲ್ಲಿನ ತೆಳು ಪದರಗಳು ಅಲೆಅಲೆಯಾಗಿ ಮಡಚಿರುವುದು ಕಣ್ಣೆದುರಿಗೇ ಇರುತ್ತದೆ, ನಡುನಡುವೆ ಚೆರ್ಟ್ ಎಂಬ ಸಿಲಿಕಾ ಕಲ್ಲಿನ ಗಟ್ಟಿ ಪಟ್ಟಿಗಳು. ಮಗಳಿಗೆ ಹೇಳಿ, ನಡುದಾರಿಯಲ್ಲಿ ಸಮರಿಯಾ ಎಂಬ ಖಾಲಿ ಹಳ್ಳಿ ಸಿಗುತ್ತದೆ. 1962ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿಯವರು ಊರು ಬಿಟ್ಟು ಹೊರಗೆ ಹೋಗಬೇಕಾಯಿತು.

ಮೇ ತಿಂಗಳಲ್ಲಿ ಮಳೆ ಬಂದರೆ ಕಲ್ಲು ಉರುಳುವ ಭಯಕ್ಕೆ, ನೀರು ಏರುವ ಭಯಕ್ಕೆ ಕಮರಿಯನ್ನು ಆ ದಿನ ಮುಚ್ಚುತ್ತಾರೆ, ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಿ. ಗಾಳಿ ಜೋರಾದರೆ ದೋಣಿಯೂ ನಿಲ್ಲುತ್ತದೆ. ಆದ್ದರಿಂದ ಅಯಾ ರುಮೆಲಿ, ಗ್ಲಿಕಾ ನೆರಾ ಎರಡನ್ನೂ ಪ್ರವಾಸದ ಮೊದಲ ದಿನಗಳಲ್ಲೇ ಇಟ್ಟುಕೊಳ್ಳಿ, ತಪ್ಪಿದರೆ ಇನ್ನೊಂದು ದಿನ ಕೈಯಲ್ಲಿರುತ್ತದೆ. ವಿಮಾನ ಹತ್ತುವ ಹಿಂದಿನ ದಿನ ದಕ್ಷಿಣ ತೀರದಲ್ಲಿ ಇರಬೇಡಿ.

ಸಾಗರದ ಮೇಷ್ಟ್ರು:

ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮೊದಲ ಮೂರು ರಾತ್ರಿ ಹೋರಾ ಸ್ಫಾಕಿಯೊನ್, ಆಮೇಲೆ ಹಾನ್ಯಾ, ಅಲ್ಲಿಂದ ಓಮಲೋಸ್, ಕುರ್ನಾಸ್, ಫಲಾಸರ್ನಾ ಅಂತ ಅವಳು ಬದಲಾಯಿಸುತ್ತಿದ್ದಾಳೆ. ಸ್ಫೆಂಡಿಲಿ ಪೂರ್ವಕ್ಕಿದೆ, ಇರಾಕ್ಲಿಯೊದಿಂದ ವಿಮಾನ ಹತ್ತುವುದಾದರೆ ಆ ದಾರಿಯಲ್ಲಿ ಸೇರಿಸಬಹುದಂತೆ. ತಾಯಿ, ಒಂದೇ ಒಂದು ಪ್ರಶ್ನೆ ಉಳಿಯಿತು: ತ್ಸಾನಿ ಗವಿಗೆ ಇಳಿದ ನೀರು ಯಾವ ಬುಗ್ಗೆಯಲ್ಲಿ ಏಳುತ್ತದೆ ಅಂತ ಕಂಡುಹಿಡಿಯುವುದು ಹೇಗೆ?

ದುರ್ಗದ ಅಂತರ್ಜಲ:

ಬಣ್ಣ ಹಾಕಿ, ಮೇಷ್ಟ್ರೇ. ಸುಣ್ಣಕಲ್ಲಿನ ಸೀಮೆಗಳಲ್ಲಿ ಎಲ್ಲ ಕಡೆ ಮಾಡುವ ವಿಧಾನ ಅದು. ಫ್ಲೂರೊಸಿನ್ ಅಂತ ಒಂದು ಬಣ್ಣ ಬರುತ್ತದೆ, ವಿಷವಲ್ಲ. ನೀರು ಒಳಗೆ ಇಳಿಯುವ ಕಡೆ ಸುರಿದು, ಸುತ್ತಲ ಬುಗ್ಗೆಗಳಲ್ಲೆಲ್ಲ ಹೊತ್ತುಹೊತ್ತಿಗೆ ನೀರು ತೆಗೆದು ಪರೀಕ್ಷಿಸುತ್ತಾರೆ. ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೂ ಉಪಕರಣ ಹಿಡಿಯುತ್ತದೆ. ಯಾವ ಬುಗ್ಗೆಯಲ್ಲಿ ಎಷ್ಟು ಹೊತ್ತಿಗೆ ಬಂತು ಎನ್ನುವುದರಿಂದ ಒಳಗಿನ ದಾರಿ, ವೇಗ ಎರಡೂ ಅಂದಾಜಿಗೆ ಸಿಗುತ್ತವೆ. ನೀರಿನಲ್ಲಿರುವ ಆಮ್ಲಜನಕದ ಭಾರದ ಐಸೊಟೋಪು, ಅಂದರೆ ತೂಕ ಹೆಚ್ಚಿರುವ ಆಮ್ಲಜನಕದ ಪರಮಾಣು, ಎಷ್ಟಿದೆ ಅಂತ ಅಳೆದರೆ ಆ ನೀರು ಯಾವ ಎತ್ತರದಲ್ಲಿ ಮಳೆಯಾಗಿ, ಹಿಮವಾಗಿ ಬಿದ್ದದ್ದು ಅಂತಲೂ ಹೇಳಬಹುದು, ಎತ್ತರ ಹೆಚ್ಚಿದಂತೆ ಅದರ ಪ್ರಮಾಣ ಕಡಿಮೆಯಾಗುತ್ತದೆ. ಹೋರಾ ಸ್ಫಾಕಿಯೊನ್‌ನಲ್ಲಿ ದೋಣಿಯ ವೇಳೆಯನ್ನು ಬಂದರಿನ ಟಿಕೆಟ್ ಕಿಟಕಿಯಲ್ಲೇ ಕೇಳಿ, ಋತುವಿನ ಶುರುವಿನಲ್ಲಿ ಬದಲಾಗುತ್ತಿರುತ್ತದೆ.